ಶೇಷ ಋಣವಾಗುವುದಿಲ್ಲ

ಅವರ ತೋರುಬೆರಳಿನ ಉಗುರಿನ ಸುತ್ತ ಸೀಮೆಸುಣ್ಣದ ಬಿಳಿ ಗೆರೆ ಇರುತ್ತಿತ್ತು, ತೊಳೆದರೂ ಹೋಗುತ್ತಿರಲಿಲ್ಲ. ಆ ಒಂದೇ ಬೆರಳಿನಿಂದ ನನ್ನ ಲ್ಯಾಪ್‌ಟಾಪಿನ ಕೀಲಿಗಳನ್ನು ಒತ್ತುತ್ತಿದ್ದರು, ಬಾಗಿಲು ತಟ್ಟಿ ಒಳಗೆ ಯಾರಾದರೂ ಇದ್ದಾರೋ ಎಂದು ಕಾಯುವವರ ಹಾಗೆ. ಈ ಹೋಲಿಕೆ ಅಂದೇ ಹೊಳೆದದ್ದೋ, ಅವರು ಹೋದ ಮೇಲೆ ಹುಟ್ಟಿದ್ದೋ, ಹೇಳಲಾರೆ.

ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು; ಕೆಳಗೆ ಒಬ್ಬರೇ ಇದ್ದರು. ಅತ್ತಿಗುಪ್ಪೆಯ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದುದರಿಂದ ಬೀದಿಗೆಲ್ಲ ಟೀಚರ್. ಆ ವರ್ಷ ಶಾಲೆಯವರು, ಗಣಿತದವರೇ ಕೋಡಿಂಗನ್ನೂ ಕಲಿಸಬೇಕು, ಅದರ ಪರೀಕ್ಷೆ ಪಾಸಾಗದವರಿಗೆ ಜೂನಿನಿಂದ ಕೆಲಸವಿಲ್ಲ ಎಂದರು. ಕೋಡ್ ಬರೆದೇ ಸಂಬಳ ತೆಗೆದುಕೊಳ್ಳುವ ನನ್ನ ಬಳಿಗೆ ಟೀಚರ್ ಮೆಟ್ಟಿಲು ಹತ್ತಿ ಬಂದರು.

"ಮಕ್ಕಳಿಲ್ದೆ ಮನೇಲಿ ಕೂತು ಏನ್ ಮಾಡ್ಲಪ್ಪ? ಜಾವಾಸ್ಕ್ರಿಪ್ಟ್ ಹೇಳ್ಕೊಡು."

ಕೂಡುವುದು, ಕಳೆಯುವುದು ಸಲೀಸಾಯಿತು. ಎಡವಿದ್ದು ಶೇಕಡಾ ಚಿಹ್ನೆಯಲ್ಲಿ. ಹದಿನೇಳು, ಆ ಚಿಹ್ನೆ, ಐದು ಎಂದು ಒತ್ತಿದರು. ಎರಡು ಬಂತು.

"ಐದರಲ್ಲಿ ಹದಿನೇಳು ಪರ್ಸೆಂಟು ಎರಡು ಹೇಗೋ ಆಗುತ್ತೆ?"

"ಇಲ್ಲಿ ಅದು ಪರ್ಸೆಂಟ್ ಅಲ್ಲ ಟೀಚರ್, ಶೇಷ. ಭಾಗಿಸಿದ ಮೇಲೆ ಉಳಿಯೋದು."

"ಓಹೋ. ಬೋರ್ಡು ಶೇಕಡಾದ್ದು, ಒಳಗೆ ಸಂಸಾರ ಶೇಷದ್ದು. ನಮ್ಮನೆ ಥರಾನೇ ಬಾಡಿಗೆಗೆ ಕೊಟ್ಟಿದಾರೆ ಬಿಡು."

ನಕ್ಕರು ಎಂದು ನೆನಪು. ಆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

ಪರೀಕ್ಷೆಯ ಹಿಂದಿನ ದಿನ ಮೈನಸ್ ಏಳನ್ನು ಮೂರರಿಂದ ಭಾಗಿಸಿ ಶೇಷ ಕೇಳಿದರು. ಮೈನಸ್ ಒಂದು ಎಂದಿತು ಯಂತ್ರ. ಟೀಚರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಶೇಷ ಋಣ ಆಗಲ್ಲ ಕಣೋ. ಮೂರರ ಮಗ್ಗೀಲಿ ಮೈನಸ್ ಒಂಬತ್ತಕ್ಕೆ ಇಳಿದು ಎಣಿಸು, ಎರಡು ಬರ್ಬೇಕು. ಹೀಗೆ ಬರೆದ ಮಕ್ಕಳಿಗೆ ಇಷ್ಟು ವರ್ಷ ಸೊನ್ನೆ ಕೊಟ್ಟಿದೀನಿ."

"ನಾಳೆ ಮಷೀನ್ ಹೇಳೋದನ್ನೇ ಬರೀರಿ ಟೀಚರ್. ಕೆಲಸ ಉಳಿಯುತ್ತೆ."

"ಉಳಿಯುತ್ತೆ. ಉಳಿದಿದ್ದಕ್ಕೆ ಋಣ ಅಂಟ್ಕೊಳ್ಳುತ್ತಲ್ಲಪ್ಪ."

ಅಂಥದೇ ಪ್ರಶ್ನೆ ಬಂತಂತೆ. ಯಂತ್ರದ ಉತ್ತರವನ್ನೇ ಬರೆದರು, ಪಾಸಾದರು. ಸುದ್ದಿ ಹೇಳಲು ಬಂದವರ ಮುಖದಲ್ಲಿ ಗೆಲುವಿರಲಿಲ್ಲ. "ಬರೆಯೋವಾಗ ಮಕ್ಕಳೆಲ್ಲ ನನ್ನ ಪೇಪರ್ ಬಗ್ಗಿ ನೋಡಿದ ಹಾಗಾಯ್ತು" ಎಂದಷ್ಟೇ ಹೇಳಿದರು.

ರಜೆಯಲ್ಲಿ ಜೂನಿನ ಮೊದಲ ತರಗತಿಗೆಂದು ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಎರಡು ಸಂಖ್ಯೆ ಕೇಳಿ ಶೇಷ ಹೇಳುವಂಥದ್ದು. ಅದರಲ್ಲಿ ತಮ್ಮದೇ ಒಂದು ಸಾಲು ಸೇರಿಸಿದರು: ಉತ್ತರ ಋಣವಾದರೆ ಭಾಜಕವನ್ನು ಒಮ್ಮೆ ಕೂಡಿಸು. ಮೈನಸ್ ಒಂದಕ್ಕೆ ಮೂರು ಕೂಡಿ ಎರಡಾಯಿತು.

"ಪರೀಕ್ಷೆ ಅವರ್ದು. ಕ್ಲಾಸು ನಂದು."

ಮೇ ಮುಗಿಯುವ ಮೊದಲೇ, ನಿದ್ದೆಯಲ್ಲಿ, ಟೀಚರ್ ತೀರಿಕೊಂಡರು. ಆ ತರಗತಿಯನ್ನು ಬೇರೆ ಯಾರೋ ತೆಗೆದುಕೊಂಡರು.

ಪ್ರೋಗ್ರಾಂ ನನ್ನಲ್ಲೇ ಇದೆ. ತೆರೆದರೆ ಖಾಲಿ ಪೆಟ್ಟಿಗೆಯೊಂದು ಮೂಡುತ್ತದೆ. ಅದರ ಮೇಲೆ, ಎಂದೂ ಅದನ್ನು ನೋಡದ ಮಕ್ಕಳಿಗಾಗಿ ಅವರು ಬರೆದ ಮಾತು: "ಎಲ್ಲಿ, ಒಂದು ಸಂಖ್ಯೆ ಹೇಳು ಮರಿ." ಅವರ ಧ್ವನಿ ಮರೆತಿದೆ ಎಂದುಕೊಂಡಿದ್ದೇನೆ. ಈ ಸಾಲನ್ನು ಓದುವಾಗ ಮಾತ್ರ ಬೆನ್ನ ಹಿಂದಿನಿಂದ ಒಂದು ಧ್ವನಿ ಕೇಳುತ್ತದೆ. ಅದು ಅವರದೇ ಎಂದು ಪ್ರಮಾಣ ಮಾಡಲಾರೆ. ಉತ್ತರ ಕೊಡುವವರೆಗೆ ಆ ಪುಟದಲ್ಲಿ ಮುಂದೆ ಏನೂ ನಡೆಯುವುದಿಲ್ಲ.

ನಾನು ಇನ್ನೂ ಯಾವ ಸಂಖ್ಯೆಯನ್ನೂ ಹೇಳಿಲ್ಲ.