ಪೈಲ್ವಾನರನ್ನು ಕೆಡವಿದ ಹುಳುಕಡ್ಡಿ ಮಾತ್ರೆ

ಮೂರು ಜನ ಪೈಲ್ವಾನರು ಒಂದೇ ಬೆಂಚಿನ ಮೇಲೆ ಕೂತು ಒಟ್ಟಿಗೇ ತೊಡೆ ಕೆರೆದುಕೊಳ್ಳುವುದನ್ನು ನೀವು ನೋಡಿದ್ದೀರಾ?

ನಾನು ನೋಡಿದೆ. ಹೋದ ತಿಂಗಳು, ಒಂಟಿಕೊಪ್ಪಲಿನ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ. ನಡುವೆ ಕೂತಿದ್ದವರು ನನ್ನ ಮಾವ, ಅಂದರೆ ನನ್ನ ಹೆಂಡತಿ ಸವಿತಾಳ ಅಪ್ಪ. ಆ ಕಡೆ ಈ ಕಡೆ ಅವರ ಶಿಷ್ಯರು: ಆಟೋ ಓಡಿಸುವ ಶಿವಣ್ಣ, ಪ್ಲಂಬಿಂಗ್ ಕೆಲಸದ ಮಹೇಶ. ಪಕ್ಕದಲ್ಲಿ ನಿಂತಿದ್ದವನು ನಾನು. (ಕೂರಲು ಜಾಗ ಎಲ್ಲಿತ್ತು? ಐದು ಜನರ ಬೆಂಚನ್ನು ಮೂವರೇ ತುಂಬಿಸಿದ್ದರು.)

ಮಾವನಿಗೆ ಎಪ್ಪತ್ತಾಯಿತು. ಕುಸ್ತಿ ಆಡುವುದನ್ನು ಬಿಟ್ಟು ಎಷ್ಟೋ ವರ್ಷವಾದರೂ ಗರಡಿಯನ್ನು ಬಿಟ್ಟಿಲ್ಲ. ದಿನಾ ಸಂಜೆ ಅಲ್ಲಿಗೆ ಹೋಗಿ ಪಟ್ಟು ಕಲಿಸುತ್ತಾರೆ. ಅಲ್ಲಿ ಅವರು ಉಸ್ತಾದ್. ಅವರು ಕೆಮ್ಮಿದರೆ ಶಿಷ್ಯರು ಬಸ್ಕಿ ಹೊಡೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ತಿರುಗಿ ನೋಡುತ್ತಾರೆ. ಗರಡಿ ಎಂದ ಮೇಲೆ ಎಲ್ಲರೂ ಉರುಳಾಡುವ ಕೆಮ್ಮಣ್ಣು ಒಂದೇ. ಮೈಗೆ ಮೈ ಉಜ್ಜುವುದು ಇದ್ದದ್ದೇ. ಒರೆಸಿಕೊಳ್ಳುವ ಟವೆಲೂ ಒಂದೇ! ಹುಳುಕಡ್ಡಿಗೆ ಇನ್ನೇನು ಬೇಕು? ಗುರುಶಿಷ್ಯರೆಂದು ನೋಡದೆ ಎಲ್ಲರಿಗೂ ಹಬ್ಬಿತ್ತು.

ಈಗ ಒಂದು ಗುಟ್ಟು. ಮಾವನಿಗೆ ನಾಲ್ಕು ವರ್ಷದಿಂದ ಶುಗರ್ ಇದೆ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಮಾತ್ರೆ. ಅದನ್ನು ಬರೆದುಕೊಟ್ಟ ಡಾಕ್ಟರು ಇರುವುದು ಚಾಮರಾಜಪುರಂನಲ್ಲಿ, ಗರಡಿಯವರ ಕಣ್ಣಿಗೆ ಬೀಳದಷ್ಟು ದೂರದಲ್ಲಿ. ಮಾತ್ರೆ ತರುವ ಕೆಲಸ ನನ್ನದು, ಅದೂ ನನಗೇ ಬೇಕು ಎಂಬಂತೆ ಮುಖ ಮಾಡಿಕೊಂಡು. (ಮೆಡಿಕಲ್ ಶಾಪಿನವನು ನನ್ನನ್ನೇ ಶುಗರ್ ಪೇಷೆಂಟ್ ಅಂದುಕೊಂಡಿದ್ದಾನೆ. ಎದುರಿನ ಬೇಕರಿಯಲ್ಲಿ ನಾನು ಜಹಾಂಗೀರ್ ತಿನ್ನುತ್ತಿದ್ದರೆ ಕೌಂಟರಿನಿಂದಲೇ ತಲೆ ಅಲ್ಲಾಡಿಸುತ್ತಾನೆ.)

ಯಾಕಿಷ್ಟು ಗುಟ್ಟು? “ಮಾತ್ರೆ ನುಂಗೋನು ಅಖಾಡಕ್ಕೆ ಇಳೀಬಾರ್ದು ಕಣ್ರಲಾ” ಎಂದು ಮಾವ ಶಿಷ್ಯರಿಗೆ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಹಾಗೆ ಹೇಳಿದವರೇ ಈಗ ಮಾತ್ರೆ ನುಂಗುತ್ತಾರೆಂದರೆ ಮುಖ ಎಲ್ಲಿಟ್ಟುಕೊಳ್ಳುವುದು?

ಸ್ಕಿನ್ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂವರನ್ನೂ ಒಬ್ಬೊಬ್ಬರಾಗಿ ಪರದೆಯ ಹಿಂದೆ ಕರೆದು ನೋಡಿದರು. ಆಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು, “ಇದು ಬರೀ ಮುಲಾಮಿಗೆ ಹೋಗಲ್ಲ, ತುಂಬಾ ಹರಡಿದೆ. ಫಂಗಸ್‌ಗೆ ದಿನಕ್ಕೊಂದು ಮಾತ್ರೆ, ಎರಡು ವಾರ ತಗೊಳ್ಳಿ” ಎಂದರು. ಪೆನ್ನು ಎತ್ತುವ ಮುಂಚೆ ಮಾವನನ್ನು ಕೇಳಿದರು:

“ಬೇರೆ ಯಾವುದಾದ್ರೂ ಮಾತ್ರೆ ತಗೋತಿದ್ದೀರಾ? ಬಿಪಿಗೆ, ಶುಗರ್‌ಗೆ?”

ಮಾವ ಎಡಕ್ಕೆ ಶಿವಣ್ಣನನ್ನು ನೋಡಿದರು, ಬಲಕ್ಕೆ ಮಹೇಶನನ್ನು ನೋಡಿದರು. ಬೆನ್ನು ನೆಟ್ಟಗಾಯಿತು. “ಮಾತ್ರೆನಾ? ನಾನಾ? ಪೈಲ್ವಾನ್ ಕಣಮ್ಮ ನಾನು!”

ಶಿಷ್ಯರು ಹೆಮ್ಮೆಯಿಂದ ನಕ್ಕರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಸನ್‌ಸ್ಕ್ರೀನ್ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

ಐದನೆಯ ದಿನ ಸಂಜೆ ಫೋನು. ಶಿವಣ್ಣ. “ಅಣ್ಣಾ, ಉಸ್ತಾದ್ರು ಎಂಗೆಂಗೋ ಆಡ್ತಾವ್ರೆ ಕಣಣ್ಣ. ಮೈಯೆಲ್ಲಾ ಬೆವರು, ಕೈ ನಡುಗ್ತಾ ಅದೆ. ನಾನ್ಯಾರು ಅಂತ್ಲೇ ಗೊತ್ತಾಗ್ತಿಲ್ಲ. ಮಧ್ಯಾಹ್ನ ಊಟ ಮಾಡಿದ್ದೀರಾ ಅಂದ್ರೆ, ಯಾವ ಊರ ಕುಸ್ತಿ ಅಂತಾರೆ! ಮಣ್ಣಲ್ಲೇ ಕುಂತ್ಬುಟ್ಟವ್ರೆ.”

ನಾನು ಸ್ಕೂಟರಿನಿಂದ ಇಳಿದೆ. “ನೀರು ನುಂಗ್ತಾರಾ ನೋಡು. ನುಂಗಿದ್ರೆ ಸಕ್ಕರೆ ಕಲಸಿ ಕುಡಿಸು, ಬೇಗ!”

“ಸಕ್ಕರೆನಾ? ಯಾಕಣ್ಣ?”

ನಾಲ್ಕು ವರ್ಷ ಬಾಯಿ ಬಿಡದವನು ನಡುರಸ್ತೆಯಲ್ಲಿ ನಿಂತು ಕಿರುಚಿದೆ: “ಅವರಿಗೆ ಶುಗರ್ ಇದೆ ಕಣೋ! ಮಾತ್ರೆ ತಗೋತಾರೆ! ಸಕ್ಕರೆ ತೀರಾ ಇಳಿದಿರಬೇಕು! ಮೊದಲು ಕುಡಿಸೋ!”

ಬಾದಾಮಿ ಹಾಲಿಗೆಂದು ಗರಡಿಯಲ್ಲಿ ಸಕ್ಕರೆ ಡಬ್ಬಿ ಇಟ್ಟಿರುತ್ತಾರೆ. ಪುಣ್ಯಕ್ಕೆ ಮಾವ ಇನ್ನೂ ನುಂಗುವ ಸ್ಥಿತಿಯಲ್ಲಿದ್ದರು. ನಾನು ಸ್ಕೂಟರಿನಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಶಿವಣ್ಣನ ಆಟೋದಲ್ಲಿ ಕೂರಿಸಿದ್ದರು. ಆಸ್ಪತ್ರೆಯಲ್ಲಿ ರಕ್ತ ನೋಡಿದ ಡ್ಯೂಟಿ ಡಾಕ್ಟರು, “ಸಕ್ಕರೆ ನೀರು ಕುಡಿಸಿದ ಮೇಲೂ ಇಷ್ಟೇ ಇದೆ ಅಂದ್ರೆ, ಅದಕ್ಕೆ ಮುಂಚೆ ಎಷ್ಟು ಕೆಳಗಿತ್ತೋ!” ಎಂದರು. ಡ್ರಿಪ್ ಹಾಕಿದರು. ಸಕ್ಕರೆ ಮತ್ತೆ ಇಳಿಯಬಹುದು, ಮನೆಗೆ ಕಳಿಸುವುದಿಲ್ಲ ಎಂದೂ ಹೇಳಿದರು. ಸವಿತಾ ಅಪ್ಪನ ಕೈ ಹಿಡಿದು ಕೂತಳು.

ನನಗೆ ಸಿಟ್ಟು ನೆತ್ತಿಗೇರಿತ್ತು. ಮಾವನಿಗೆ ಹೊಸದಾಗಿ ಶುರುವಾಗಿದ್ದದ್ದು ಆ ಒಂದು ಮಾತ್ರೆ. ಹುಳುಕಡ್ಡಿಗೆ ಮಾತ್ರೆ ಕೊಟ್ಟರೆ ಮನುಷ್ಯ ಮಣ್ಣಿಗೆ ಬೀಳುವುದೆಂದರೇನು? ಮಾರನೆಯ ದಿನ ಸ್ಕಿನ್ ಕ್ಲಿನಿಕ್ಕಿಗೆ ಜಗಳಕ್ಕೇ ಹೋದೆ. ಮಾವನ ಶುಗರ್ ಮಾತ್ರೆಯ ಚೀಟಿಯನ್ನು ಮೇಜಿನ ಮೇಲೆ ಬಡಿದು, ಬಾಯಿಗೆ ಬಂದಂತೆ ಕೂಗಾಡಿದೆ. ಆ ಡಾಕ್ಟರು ಮಾವನ ಕಾರ್ಡ್ ತೆಗೆದು ನನ್ನ ಕಡೆ ತಿರುಗಿಸಿದರು. ‘ಬೇರೆ ಔಷಧಿ: ಏನೂ ಇಲ್ಲ’ ಎಂದು ಅವರ ಕೈಬರಹದಲ್ಲಿ ಇತ್ತು.

ನಾನು ಕುರ್ಚಿ ಎಳೆದುಕೊಂಡು ಕೂತೆ. ದನಿ ಇಳಿದಿತ್ತು.

“ನೋಡಿ ಸಾರ್,” ಎಂದರು, “ನಾವು ನುಂಗಿದ ಮಾತ್ರೆ ದೇಹದಲ್ಲಿ ಹಾಗೇ ಉಳಿಯಲ್ಲ. ಲಿವರಿನಲ್ಲಿ ಕಿಣ್ವಗಳು ಅಂತ ಇರ್ತವೆ, ಎನ್ಜೈಮ್ ಅಂತಾರಲ್ಲ, ಅವು. ಬಂದ ಮಾತ್ರೆಗಳನ್ನ ಒಡೆದು ಹೊರಗೆ ಸಾಗಹಾಕೋದು ಅವುಗಳ ಕೆಲಸ. ನಾನು ಬರೆದ ಫಂಗಸ್ ಮಾತ್ರೆ ಅಂಥದ್ದೊಂದು ಕಿಣ್ವವನ್ನ ಅದುಮಿ ಹಿಡಿಯುತ್ತೆ. ನಿಮ್ಮ ಮಾವನ ಶುಗರ್ ಮಾತ್ರೆಯನ್ನ ಒಡೀಬೇಕಾಗಿದ್ದದ್ದೂ ಅದೇ ಕಿಣ್ವ.”

“ಅಂದ್ರೆ?”

“ಅಂದ್ರೆ ಹೊರಗೆ ಹೋಗಬೇಕಾದ ಶುಗರ್ ಮಾತ್ರೆ ಹೋಗಲಿಲ್ಲ. ದಿನಾ ಒಂದೇ ನುಂಗಿದ್ರೂ ರಕ್ತದಲ್ಲಿ ಅದರ ಮಟ್ಟ ಏರ್ತಾ ಹೋಯ್ತು. ಸಕ್ಕರೆ ಕೆಳಗೆ ಕೆಳಗೆ ಇಳೀತು. ಗೊತ್ತಿದ್ದಿದ್ರೆ ಬೇರೆ ಮಾತ್ರೆ ಬರೀತಿದ್ದೆ. ಇಲ್ಲಾಂದ್ರೆ ಅವರ ಶುಗರ್ ಡಾಕ್ಟರ ಹತ್ರ ಮಾತಾಡಿ ಡೋಸ್ ಕಮ್ಮಿ ಮಾಡಿಸ್ತಿದ್ದೆ.”

ಶಿವಣ್ಣ, ಮಹೇಶ ಅದೇ ಮಾತ್ರೆ ನುಂಗಿ ಗುಂಡುಕಲ್ಲಿನ ಹಾಗಿದ್ದದ್ದು ಯಾಕೆಂದು ಈಗ ತಿಳಿಯಿತು. ಆ ಮಾತ್ರೆ ಒಂಟಿಯಾಗಿದ್ದರೆ ಇಂಥ ರಗಳೆಯಿಲ್ಲ. ಜೊತೆಗೆ ಇನ್ಯಾವುದೋ ಸೇರಿದಾಗಲೇ ಕುಸ್ತಿ ಶುರು. ಬರೀ ಶುಗರ್ ಮಾತ್ರೆಯ ಕಥೆಯಲ್ಲವಂತೆ ಇದು. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರಿಗೆ ರಕ್ತಸ್ರಾವ ಆಗಬಹುದು, ಕೆಲವು ಕೊಲೆಸ್ಟರಾಲ್ ಮಾತ್ರೆಯವರಿಗೆ ಮೈಯ ಸ್ನಾಯುಗಳೇ ಕೆಡಬಹುದು. ಫಂಗಸ್ ಮಾತ್ರೆಗಳಲ್ಲೂ ಒಂದೊಂದು ಒಂದೊಂದು ಕಿಣ್ವವನ್ನು ಹಿಡಿಯುತ್ತದಂತೆ. ಇದನ್ನೆಲ್ಲ ಡಾಕ್ಟರು ಲೆಕ್ಕ ಹಾಕಬಲ್ಲರು. ನಾವು ನಿಜ ಹೇಳಿದರೆ.

ನಾವು ಹೇಳುತ್ತೇವೆಯೇ? ಹೊಟ್ಟೆಯ ಡಾಕ್ಟರಿಗೆ ಹೊಟ್ಟೆಯದಷ್ಟೇ, ಕೀಲಿನ ಡಾಕ್ಟರಿಗೆ ಕೀಲಿನದಷ್ಟೇ. ವರ್ಷಗಟ್ಟಲೆ ನುಂಗುವ ಬಿಪಿ ಮಾತ್ರೆ ನಮ್ಮ ಪಾಲಿಗೆ ಔಷಧಿಯೇ ಅಲ್ಲ, ಕಾಫಿಯ ಹಾಗೆ ಅದೂ ಒಂದು. ಆದರೆ ದೇಹದಲ್ಲಿ ಲಿವರ್ ಇರುವುದು ಒಂದೇ ಕಣ್ರೀ.

ಆಸ್ಪತ್ರೆಗೆ ವಾಪಸ್ ಬಂದೆ. ಮಾವನ ಮಂಚದ ಪಕ್ಕ ಶಿಷ್ಯರಿಬ್ಬರೂ ಕೈಕಟ್ಟಿ ನಿಂತಿದ್ದರು. ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಸುಳ್ಳು ಹೇಳ್ಬುಟ್ಟೆ ಕಣ್ರಪ್ಪ, ನಿಮ್ಮೆದುರ್ಗೇ.”

“ಅಯ್ಯೋ, ಅದ್ಕೇನೀಗ ಬುಡಿ ಉಸ್ತಾದ್,” ಎಂದ ಮಹೇಶ. “ನಮ್ಮಪ್ಪಂಗೂ ಶುಗರ್ ಅದೆ. ನೀವು ಇರಿ ಸಾಕು. ಪಟ್ಟು ಯೋಳ್ಕೊಡೋರು ಇನ್ಯಾರವ್ರೆ ನಮ್ಗೆ?”

ಮಾವ ಗೋಡೆಯ ಕಡೆ ಹೊರಳಿ ಮಲಗಿದರು. ಅಷ್ಟಗಲದ ಬೆನ್ನು ಸಣ್ಣಗೆ ಅಲುಗುತ್ತಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರನೆಯ ದಿನ ಮನೆಗೆ ಕರೆತಂದೆವು. ಮಾವ ಮಲಗಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಸವಿತಾಳಿಗೆ ಕ್ಲಿನಿಕ್ಕಿನಲ್ಲಿ ಮಾವ ಹೇಳಿದ ಸುಳ್ಳು, ಲಿವರು, ಕಿಣ್ವ, ಎಲ್ಲವನ್ನೂ ಮೇಷ್ಟರ ಹಾಗೆ ವಿವರಿಸಿದೆ. ಕೊನೆಗೆ, “ಏನೇ ಹೇಳು, ನಿಮ್ಮಪ್ಪನಿಗೆ ಇಷ್ಟು ಜಂಬ ಇರಬಾರದಿತ್ತು” ಎಂದೂ ಸೇರಿಸಿದೆ. ಸವಿತಾ ಒಲೆ ಆರಿಸಿದಳು. ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದಳು:

“ಅಪ್ಪ ಸುಳ್ಳು ಹೇಳಿದ್ದು ಶಿಷ್ಯರ ಮುಂದೆ ಮಾನ ಉಳಿಸ್ಕೊಳ್ಳೋಕೆ. ಪಕ್ಕದಲ್ಲೇ ನಿಂತು ನೀವು ಸುಮ್ನಿದ್ದಿದ್ದು ಏನು ಉಳಿಸೋಕೆ?”