ಪೈನ್ ಕಾಡಿನ ಕಡೆಯವಳು

ಮಗಳು ಕೆಲಸ ಸಿಕ್ಕಿ ಮ್ಯಾಂಚೆಸ್ಟರಿಗೆ ಹೋದ ಮೇಲೆ ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಬಿದ್ದಿತ್ತು. ಉಕ್ರೇನಿನಲ್ಲಿ ಯುದ್ಧ ಶುರುವಾಗಿ, ಅಲ್ಲಿಂದ ಬರುವವರಿಗೆ ಮನೆಯಲ್ಲಿ ಜಾಗ ಕೊಡುವವರು ಮುಂದೆ ಬನ್ನಿ ಎಂದು ಇಲ್ಲಿನ ಸರ್ಕಾರ ಕೇಳಿದಾಗ ನಾನು ಗಂಡನ ಮುಂದೆ ವಿಷಯ ಎತ್ತಿದೆ. ಅವರು ಧಾರವಾಡದವರು, ಮಾತು ಕಡಿಮೆ. “ಖೋಲಿ ಖಾಲೀನ ಅದ. ಬರ್ಲಿ ಬಿಡು” ಅಂದರು.

ಹಾಗೆ ಬಂದವಳು ಅವಳು. ನಲವತ್ತರ ಆಸುಪಾಸಿನ ಎತ್ತರದ ಹೆಂಗಸು, ಬೆನ್ನಿಗೊಂದು ಚೀಲ. ಮಕ್ಕಳಿಲ್ಲ. ಊರಿನ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳಂತೆ. ಗಂಡ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವನು, ಯುದ್ಧ ಬಂದಾಗ ಕಾಲಾಳು ಪಡೆಗೆ ಸೇರಿದ್ದ. ಅವನ ತುಕಡಿಯನ್ನು ನಿಲ್ಲಿಸಿದ್ದು ಅವನು ಇಷ್ಟು ವರ್ಷ ಕಾದುಕೊಂಡು ಬಂದ ಪೈನ್ ಕಾಡಿನಲ್ಲಿಯೇ.

“ಗೊತ್ತಿರುವ ಜಾಗ ಅಲ್ವಾ, ಅದು ಒಳ್ಳೆಯದೇ” ಎಂದು ನಾನು ಸಮಾಧಾನ ಹೇಳಹೋದೆ.

“ಅದೇ ಕಷ್ಟ” ಅಂದಳು, ತನ್ನ ಅರೆಬರೆ ಇಂಗ್ಲಿಷಿನಲ್ಲಿ. “ಉಳಿದವರು ಮರ ಕಡಿದು ಕಂದಕದ ಮೇಲೆ ಹಾಸ್ತಾರೆ. ಅದನ್ನ ನೆಟ್ಟವನು ಇವನು.”

ಹತ್ತಿರದ ನರ್ಸಿಂಗ್ ಹೋಮಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ರಜೆಯ ದಿನ ನಾವಿಬ್ಬರೂ ಹಾರ್ಸೆಂಡನ್ ಗುಡ್ಡ ಹತ್ತುತ್ತಿದ್ದೆವು. ಅಲ್ಲಿರುವುದು ಓಕ್ ಮರಗಳು. ಅವಳು ನಡುನಡುವೆ ನಿಂತು ಗಾಳಿ ಎಳೆದುಕೊಂಡು ತಲೆಯಾಡಿಸುತ್ತಿದ್ದಳು. “ಇಲ್ಲಿ ಬರೀ ಒದ್ದೆ ಎಲೆ. ನಮ್ಮ ಕಾಡು ಬಿಸಿಲು ಬಿದ್ದರೆ ಅಂಟಿನ ವಾಸನೆ ಹೊಡೀತದೆ. ನೆಲ ಮರಳು. ನಡೆದರೆ ಸದ್ದೇ ಇಲ್ಲ. ಅವನು ಮನೆಗೆ ಬರೋದು ನನಗೆ ಕೆಮ್ಮಿನಿಂದಲೇ ಗೊತ್ತಾಗ್ತಿತ್ತು.”

ನನ್ನದು ಉಡುಪಿಯ ಕಡೆಯ ಕಡಲಂಚು. ಅವಳು ಹೀಗೆ ಹೇಳುವಾಗ ನನಗೆ ನಮ್ಮ ಮನೆಯೆದುರಿನ ಗಾಳಿಮರದ ತೋಪು ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿಯೂ ಮರಳು, ಸೂಜಿಯಂಥ ಎಲೆ, ಅಮ್ಮ ಗುಡಿಸಿ ತಂದು ಒಲೆಗೆ ಹಾಕುತ್ತಿದ್ದ ರಾಶಿ. ಈಗ ಅಲ್ಲಿ ರೆಸಾರ್ಟು. ಅವಳಿಗೆ ಇದನ್ನು ಹೇಳಿದೆ. “ಹಾಗಾದರೆ ನಿನಗೆ ಅರ್ಥ ಆಗ್ತದೆ” ಅಂದಳು. ಅರ್ಥವಾಗುತ್ತಿತ್ತೋ ಇಲ್ಲವೋ, ನಾನು ಹೌದೆಂದೆ. ನನ್ನ ತೋಪು ಹೋದದ್ದು ಗುಂಡು ಬಿದ್ದು ಅಲ್ಲ.

ಅವನಿಗೆ ಸಿಗ್ನಲ್ ಸಿಕ್ಕಾಗ ದನಿ ಮೆಸೇಜು ಬರುತ್ತಿತ್ತು. ಅವಳು ಪಾತ್ರೆ ತೊಳೆಯುತ್ತ ಅದನ್ನೇ ಮತ್ತೆ ಮತ್ತೆ ಹಾಕಿ ಕೇಳುವಳು. ನನಗೆ ಒಂದಕ್ಷರ ತಿಳಿಯದಿದ್ದರೂ ಆ ಗಂಡಸಿನ ದನಿ ನಮ್ಮ ಮನೆಯದೇ ಆಗಿಬಿಟ್ಟಿತ್ತು. ಒಮ್ಮೆ ಅವನ ಮಾತಿನ ಹಿಂದೆ ದಪ್ಪ ಗರಗರ ಶಬ್ದ ಕೇಳಿಸಿತು. “ಟ್ಯಾಂಕ್” ಅಂದಳು. “ನಮ್ಮದೇ ಅಂತೆ. ಹೆದರಬೇಡ ಅಂತಾನೆ.”

ಡಿಸೆಂಬರಿನಲ್ಲಿ ಪಬ್ಬಿನ ಕಾರ್ ಪಾರ್ಕಿನಲ್ಲಿ ಕ್ರಿಸ್‌ಮಸ್ ಮರಗಳನ್ನು ಬಲೆಯಲ್ಲಿ ಸುತ್ತಿ ಒರಗಿಸಿ ಮಾರುತ್ತಿದ್ದರು. ನನ್ನ ಜೊತೆ ಶಾಪಿಂಗ್ ಮುಗಿಸಿ ಬರುತ್ತಿದ್ದವಳು ಅಲ್ಲೇ ನಿಂತಳು. ಆ ಸಾಲಿನ ನಡುವೆ ಹೋಗಿ ಒಂದು ಮರಕ್ಕೆ ಮುಖ ಒತ್ತಿದಳು. ಮಾರುವವನು, “ತಗೊಳ್ತೀಯಾ, ತಾಯಿ?” ಎಂದ. ಅವಳು ನನ್ನ ಕಡೆ ತಿರುಗಿ, “ಅವನ ಕೋಟಿಗೆ ಇದೇ ವಾಸನೆ” ಅಂದಳು.

ನಾವು ಆ ಹಬ್ಬ ಮಾಡುವವರಲ್ಲ. ಆದರೂ ಸಂಜೆ ನನ್ನ ಗಂಡ ಹೋಗಿ ಆ ಮರವನ್ನೇ ಹೆಗಲ ಮೇಲೆ ಹೊತ್ತು ತಂದರು. “ಮನ್ಯಾಗೊಂದು ಇರ್ಲಿ” ಎಂದು ಹಾಲಿನ ಮೂಲೆಯಲ್ಲಿ ನಿಲ್ಲಿಸಿದರು. ದೀಪ, ಗೊಂಬೆ ಏನನ್ನೂ ಹಾಕಲಿಲ್ಲ.

ಚಳಿಗಾಲ ಮುಗಿಯುವ ಮುಂಚೆ ಮೆಸೇಜು ನಿಂತಿತು. ಆ ಕಾಡಿಗೆ ಶತ್ರುವಿನ ಟ್ಯಾಂಕುಗಳು ನುಗ್ಗಿವೆ ಎಂದು ಟೀವಿಯಲ್ಲಿ ಬಂತು. ನನ್ನ ಗಂಡ ಸದ್ದು ತಗ್ಗಿಸಿದರು. ಅವಳು ಅಡುಗೆಮನೆಯಲ್ಲಿ ಬೀಟ್‌ರೂಟ್ ಸಾರು ಮಾಡುತ್ತಿದ್ದಳು, ಮೂವರಿಗೆ ಮುಗಿಯದಷ್ಟು. ಮರುದಿನವೂ ಮಾಡಿದಳು. ನಾವು ತಿಂದೆವು. ಬೇರೇನು ಮಾಡಲಿಕ್ಕೂ ನಮಗೆ ತಿಳಿಯಲಿಲ್ಲ.

ಫೋನ್ ಬಂದದ್ದು ಒಂದು ಭಾನುವಾರ, ಊಟದ ಹೊತ್ತಿಗೆ. ಯಾರದೋ ಅಪರಿಚಿತ ದನಿ. ಅವಳು ನಿಂತೇ ಕೇಳುತ್ತಿದ್ದವಳು ಮೆಟ್ಟಿಲ ಮೇಲೆ ಕೂತಳು. ನನ್ನ ಗಂಡ ಎದ್ದು ಗ್ಯಾಸ್ ಆರಿಸಿದರು. ಅವಳು ಏನೋ ಕೇಳಿದಳು, ಆಮೇಲೆ ಅದನ್ನೇ ಇನ್ನೊಮ್ಮೆ ಕೇಳಿದಳು. ಕೊನೆಗೆ ಫೋನ್ ಮಡಿಲಲ್ಲಿಟ್ಟು, “ಇದ್ದಾನೆ” ಅಂದಳು.

ಫೋನ್ ಮಾಡಿದವನು ಗಂಡನ ಜೊತೆಯ ಸೈನಿಕ. ನಡೆದದ್ದನ್ನು ಅವಳು ಆ ಮಧ್ಯಾಹ್ನ ನಮಗೆ ನಿಧಾನವಾಗಿ ಹೇಳಿದಳು. ಬೆಂಕಿ ಹಬ್ಬದಿರಲೆಂದು ಕಾಡಿನ ಮಧ್ಯೆ ಮರ ಕಡಿದು ಬಿಟ್ಟ ಅಗಲವಾದ ಪಟ್ಟಿಯೊಂದಿತ್ತು. ಶತ್ರುವಿನ ಟ್ಯಾಂಕುಗಳು ಅದರಲ್ಲೇ ಬಂದವು, ಹಿಂದೆ ಅವರ ಕಾಲಾಳುಗಳು. ಇವರು ಎಳೆಯ ಪೈನ್‌ಗಳ ನಡುವೆ ಕಂದಕದಲ್ಲಿದ್ದರು. ಶೆಲ್ಲುಗಳು ನೆಲಕ್ಕೆ ಬೀಳುವ ಮೊದಲೇ ಮರದ ತುದಿಗೆ ತಾಗಿ ಸಿಡಿಯುತ್ತಿದ್ದವು. ಕಬ್ಬಿಣದ ಚೂರುಗಳಷ್ಟೇ ಮರದ ಸಿಬಿರೂ ಮೇಲಿಂದ ಸುರಿಯುತ್ತಿತ್ತು. ಆಗ ಹಿಂದಿನಿಂದ ಇವರದೇ ಟ್ಯಾಂಕ್ ಬಂತು. ಹೊಗೆಯಲ್ಲಿ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಮುಂದಿನ ಕಂದಕದಲ್ಲಿ ಇರುವವರು ಶತ್ರುಗಳೆಂದು ತಿಳಿದು ಫಿರಂಗಿಯನ್ನು ಇವರ ಕಡೆಗೇ ತಿರುಗಿಸಿತು. ರೇಡಿಯೋ ಸತ್ತಿತ್ತು. ಅವಳ ಗಂಡ ಕಂದಕದಿಂದ ಎದ್ದು ಓಡಿದ. ಟ್ಯಾಂಕಿನ ಮೇಲೆ ಹತ್ತಿ ಅದರ ಮುಚ್ಚಳವನ್ನು ಕಲ್ಲಿನಿಂದ ಬಡಿದ. ಒಳಗಿನವರು ತೆರೆಯುವವರೆಗೂ ಬಡಿದ. ಫಿರಂಗಿ ಬೇರೆ ಕಡೆ ತಿರುಗಿತು, ಕಂದಕದಲ್ಲಿದ್ದವರು ಉಳಿದರು. ಅವನು ಇಳಿಯುವಷ್ಟರಲ್ಲಿ ತಲೆಯ ಮೇಲಿನ ಮರ ಸಿಡಿಯಿತು.

“ಬೆನ್ನು ತುಂಬ ಸಿಬಿರು” ಅಂದಳು. “ಕಿವಿ ಹೋಗಿದೆ. ನನ್ನ ದನಿ ಅವನಿಗೆ ಇನ್ನು ಕೇಳೋದಿಲ್ಲ.”

ಮುಂದಿನ ವಾರವೇ ಅವನ ಬಳಿಗೆ ಹೊರಟಳು. ಸ್ವಲ್ಪ ತಡೆಯಬಹುದಿತ್ತು ಅಂತ ನನಗಿತ್ತು. “ಅಲ್ಲಿಗೆ ಹೋಗ್ಲಿಕ್ಕೆ ಈಗ ದಾರಿ ಸರಿ ಉಂಟಾ?” ಎಂದು ಕೇಳಿದೆ.

“ಇಲ್ಲ” ಅಂದಳು, ಚೀಲಕ್ಕೆ ಬಟ್ಟೆ ತುಂಬುತ್ತ.

ವಿಕ್ಟೋರಿಯಾ ನಿಲ್ದಾಣದಲ್ಲಿ ಬಸ್ಸು ಹತ್ತುವಾಗ ನನ್ನನ್ನು ಅಪ್ಪಿಕೊಂಡು, ನನ್ನಿಂದ ಕಲಿತ ಕನ್ನಡದಲ್ಲಿ “ಬರ್ತೇನೆ” ಅಂದಳು. ಹೋಗುವಾಗ ಹಾಗೆ ಹೇಳಬೇಕೆಂದು ನಾನೇ ಒಮ್ಮೆ ಹೇಳಿಕೊಟ್ಟಿದ್ದೆ. ಟ್ಯೂಬ್ ರೈಲಿನಲ್ಲಿ ವಾಪಸು ಬರುವಾಗ ನನ್ನ ಗಂಡ, “ಚೊಲೋ ಹುಡುಗಿ” ಅಂದರು.

ಗುಡ್ಡಕ್ಕೆ ಈಗ ನಾನೊಬ್ಬಳೇ ಹೋಗುವುದು. ನಡೆಯುತ್ತ ನನಗರಿವಿಲ್ಲದೆಯೇ ಗಾಳಿ ಎಳೆದುಕೊಳ್ಳುತ್ತೇನೆ. ಒಂದೊಂದು ಸಲ ಬೇಕಾಗಿರುವುದು ಅವಳೋ, ಅವಳ ಕಾಡೋ, ಮನೆಯೆದುರಿನ ತೋಪಿನಲ್ಲಿ ಬಗ್ಗಿ ಗುಡಿಸುವ ಅಮ್ಮನೋ ತಿಳಿಯದೆ ಬೆಂಚಿನ ಮೇಲೆ ಕೂರುತ್ತೇನೆ.

ಅವರಿಬ್ಬರೂ ಈಗ ಬೇರೊಂದು ಊರಿನಲ್ಲಿ ಬಾಡಿಗೆ ಫ್ಲಾಟಿನಲ್ಲಿದ್ದಾರೆ. ವಿಡಿಯೋದಲ್ಲಿ ಅವನನ್ನು ಮೊದಲ ಸಲ ನೋಡಿದಾಗ, ನಾನು ದನಿಯಿಂದ ಊಹಿಸಿದ್ದಕ್ಕಿಂತ ಗಿಡ್ಡ ಅನಿಸಿದ. ನನ್ನನ್ನು ನೋಡಿ ಕೈ ಎತ್ತಿ ಏನೋ ಹೇಳಿದ, ಕಿವಿ ಹೋದವರ ಹಾಗೆ ಬಹಳ ಜೋರಾಗಿ. ಅವಳು ನಗುತ್ತ ಅವನ ಭುಜ ತಟ್ಟಿದಳು.

ಈಚೆಗೆ ಒಂದು ಬೆಳಿಗ್ಗೆ ನಾನು ಡಾಕ್ಟರ ಕ್ಲಿನಿಕ್ಕಿಗೆ, ನನ್ನ ರಿಸೆಪ್ಷನ್ ಕೆಲಸಕ್ಕೆ ಹೊರಡುತ್ತಿದ್ದಾಗ ಅವಳ ಫೋನ್ ಬಂತು. ಇಬ್ಬರೂ ಕಾಡಿನ ಅಂಚಿನ ಟಾರು ರಸ್ತೆಗೆ ಹೋಗಿದ್ದರಂತೆ. ಒಳಗೆಲ್ಲ ನೆಲಬಾಂಬು, ರಸ್ತೆಯುದ್ದಕ್ಕೂ ಎಚ್ಚರಿಕೆಯ ಫಲಕ. ಒಳಗೆ ಹೋಗಲು ಇನ್ನೆಷ್ಟು ವರ್ಷ ಬೇಕೋ ಯಾರಿಗೂ ಗೊತ್ತಿಲ್ಲ. ಅವನು ರಸ್ತೆ ಬದಿಯಲ್ಲಿ ನಿಂತು ಬಹಳ ಹೊತ್ತು ನೋಡಿದನಂತೆ. ಬರುವಾಗ ದಾರಿಯಲ್ಲಿ ಒಬ್ಬ ಮುದುಕಿ ಬೇರೆ ಯಾವುದೋ ಕಾಡಿನ ಅಣಬೆ ಮಾರುತ್ತಿದ್ದಳಂತೆ, ಇವಳು ಸ್ವಲ್ಪ ಕೊಂಡಳಂತೆ.

“ತನ್ನ ಕಾಡಿನಲ್ಲಿ ತಾನೇ ಆರಿಸಿದ್ದು ಬಿಟ್ಟು, ದುಡ್ಡು ಕೊಟ್ಟು ತಂದ ಅಣಬೆ ಅವನು ಈವರೆಗೆ ಮುಟ್ಟಿದವನಲ್ಲ” ಅಂದಳು. “ನಿನ್ನೆ ಹುರಿದು ಕೊಟ್ಟೆ. ತಿಂದ. ಇನ್ನೂ ಇದೆಯಾ ಅಂತ ಕೇಳಿದ.”