ಪುಷ್ಪಲತಾ ಸಹಿ ಹಾಕದ ಫಾರಂ

"ಇಲ್ಲೊಂದು ಸಹಿ ಹಾಕಿಬಿಡಿ ಮೇಡಂ, ಮುಗೀತು," ಅಂತ ರಾಜಶೇಖರ್ ಪ್ಯಾಡಿಗೆ ಸಿಕ್ಕಿಸಿದ ಫಾರಂ ಮುಂದೆ ಚಾಚಿದರು.

ಪುಷ್ಪಲತಾ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದಳು. ಸಹಿಯ ಜಾಗದ ಮೇಲೆ ಒಂದೇ ಒಂದು ವಾಕ್ಯ: 'ಸದರಿ ಉಪಕರಣವು ಪೂರ್ಣಗೊಂಡಿದ್ದು, ಮುಂದೆ ಯಾವುದೇ ಬದಲಾವಣೆ ಅಥವಾ ಸೇರ್ಪಡೆಯ ಅಗತ್ಯವಿರುವುದಿಲ್ಲ.' ಎರಡನೇ ಸಲ ಓದಿದಳು. ಮಾದಿಹಳ್ಳಿಯಿಂದ ಒಳಗೆ, ಕೆರೆ ಏರಿಯ ಬುಡದಲ್ಲಿರುವ ನೀರಗಂಟಿ ಲಕ್ಕಪ್ಪನ ಮನೆ ಜಗಲಿಯ ಮೇಲೆ ಅವಳು ಕಟ್ಟಿದ ರೇಡಿಯೊ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಅದರೊಳಗೆ ಕಾಲು ಭಾಗ ಖಾಲಿ. ಎರಡು ವೈರುಗಳು ಎಲ್ಲಿಗೂ ಹೋಗದೆ ತುದಿಗೆ ಟೇಪು ಸುತ್ತಿಸಿಕೊಂಡು ನಿಂತಿದ್ದವು. ಮುಂದಿನ ತಗಡಿನಲ್ಲಿ ಮೂರು ತೂತು.

"ಪೂರ್ತಿ ಆಗಿಲ್ವಲ್ಲ ಸಾರ್."

"ಕೆಲಸ ಮಾಡುತ್ತೆ ತಾನೆ?"

"ಹಗಲು ಮಾಡುತ್ತೆ."

"ಹಗಲು ಮಾಡೋದಾದ್ರೆ ಮಾಡುತ್ತೆ ಅಂತಾನೇ ಲೆಕ್ಕ. ತೂತಿಗೆ ಎಂ-ಸೀಲ್ ಮೆತ್ತಿ, ಆ ಬಿಡಿ ವೈರು ಕತ್ತರಿಸಿ. ನಾನು ಸಮಿತಿ ಸೀಲ್ ಅಂಟಿಸ್ತೀನಿ. ಆಮೇಲೆ ಯಾರೂ ಬಿಚ್ಚೋ ಹಾಗಿಲ್ಲ."

ರಾಜಶೇಖರ್ ಕೆರೆ ಸುರಕ್ಷತಾ ಸಮಿತಿಯ ಎಂಜಿನಿಯರ್. ಕೆಟ್ಟ ಮನುಷ್ಯ ಅಲ್ಲ, ಬೈದು ಮಾತಾಡುವವರಲ್ಲ. ಆದರೆ ಅವರ ಪ್ಯಾಡಿನಲ್ಲಿ ಸಹಿ ಬಿದ್ದರೆ ಮಾತ್ರ ಈ ಪೆಟ್ಟಿಗೆ ಸಮಿತಿಯ ಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದರೆ ಮಾತ್ರ, ಇಲ್ಲಿಂದ ಹೋದ ಕೂಗಿಗೆ ಸಮಿತಿಯವರು ಯಾರಾದರೂ ಎದ್ದು ಬರಲೇಬೇಕು ಅನ್ನುವ ನಿಯಮ ಹುಟ್ಟುತ್ತದೆ. ಪಟ್ಟಿಯ ಹೊರಗಿದ್ದರೆ ಅದು ಯಾರೋ ಹೆಂಗಸು ಕಟ್ಟಿದ ಆಟಿಕೆ. ಕೆರೆ ಕೋಡಿ ಬೀಳಲು ಎರಡಡಿ ಬಾಕಿ ಇತ್ತು. ಪಡುವಣದಲ್ಲಿ ಮೋಡ ಹೆಪ್ಪುಗಟ್ಟುತ್ತಿತ್ತು.

ಪುಷ್ಪಲತಾ ಅರಸೀಕೆರೆಯಲ್ಲಿ ಮೋಟಾರ್ ರೀವೈಂಡಿಂಗ್ ಮಾಡುವವಳು. ಬೋರ್ಡಿನ ಮೇಲೆ ಗಂಡ ಮರುಳಪ್ಪನ ಹೆಸರು, ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೈ ಇವಳದು. ಸುತ್ತಮುತ್ತಲ ತೆಂಗಿನ ತೋಟದವರು ಸುಟ್ಟ ಮೋಟಾರು ತಂದು, ರಿಪೇರಿ ಆದ ಮೇಲೆ "ಮರುಳಪ್ಪನ ಕೈಗುಣ ಕಣ್ರೀ" ಅಂದುಕೊಂಡು ಹೋಗುತ್ತಾರೆ. ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ಅವಳಿಗೆ ನಗು ಬರುವುದು ನಿಂತಿದೆ. ರೈಲ್ವೆಯಲ್ಲಿ ಟೆಲಿಫೋನ್ ಲೈನ್ ನೋಡಿಕೊಳ್ಳುತ್ತಿದ್ದ, ಈಗ ನಿವೃತ್ತರಾದ ಇಂದುಧರ ಅವರು ಒಂದು ಸಲ ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಬಂದವರು ಅವಳ ಬೆರಳಿನ ಓಟ ನೋಡಿ, "ಈ ಕೈಗೆ ರೇಡಿಯೊ ಬರುತ್ತಮ್ಮ" ಅಂದರು. ಅವರೇ ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ ಕಲಿಸಿದರು, ಪರೀಕ್ಷೆಗೆ ಕೂರಿಸಿದರು. ಪರವಾನಗಿ ಬಂತು. ಬಿಡಿ ಭಾಗ ತಂದು ಸೆಟ್ ಬೆಸುಗೆ ಹಾಕಿದಳು. ಪೆಟ್ಟಿಗೆಗೆ ದೂರ ಹೋಗಲಿಲ್ಲ, ಅಂಗಡಿ ಮೂಲೆಯಲ್ಲಿ ಬಿದ್ದಿದ್ದ ಹಳೆ ಬೋರ್‌ವೆಲ್ ಸ್ಟಾರ್ಟರ್ ಡಬ್ಬವೇ ಸಾಕಾಯಿತು.

ಡಬ್ಬದಲ್ಲಿ ಅವಳು ನಾಳೆಗೆ ಜಾಗ ಬಿಟ್ಟಳು, ಮುಂದೆ ಬರುವ ಸ್ವಿಚ್ಚುಗಳಿಗೆ ತೂತು ಕೊರೆದಿಟ್ಟಳು. ಈಗಿನ ಸೆಟ್ಟಿಗೆ ಸಣ್ಣ ವೈರು ಸಾಕಿತ್ತು, ದಪ್ಪದ್ದು ಎಳೆದಳು. ಫ್ಯೂಸು ಮಾತ್ರ ಈಗಿನದಕ್ಕೆ ತಕ್ಕ ಸಣ್ಣದು. ಯಾವ ಭಾಗವನ್ನೂ ಅಂಟು ಹಾಕಿ ಕೂರಿಸಲಿಲ್ಲ. ಪ್ಲಗ್ಗಿನಿಂದ ಕಿತ್ತರೆ ಬರಬೇಕು, ಒತ್ತಿದರೆ ಕೂರಬೇಕು. ಅಂಗಡಿಗೆ ಬಂದ ಗಿರಾಕಿಯೊಬ್ಬ ಇಣುಕಿ, "ಏನಕ್ಕಾ, ಸ್ಟಾರ್ಟರ್ ಐತೆ, ಮೋಟಾರು ಮೇಯಕ್ಕೆ ಹೋಗೈತಾ?" ಅಂದಿದ್ದ. "ನಿನ್ ತಲೆಗಿಂತ ಇದ್ರಲ್ಲಿ ಸಾಮಾನು ಜಾಸ್ತಿ ಐತೆ, ನಡಿ," ಅಂದಿದ್ದಳು.

ನಾಳೆಗೆ ಜಾಗ ಬಿಡುವವರನ್ನು ಕಂಡರೆ ನಮ್ಮ ಊರುಗಳಲ್ಲಿ ನಗುತ್ತಾರೆ. ಸಿಮೆಂಟ್ ರಸ್ತೆ ಹಾಕುವಾಗ ಒಂದು ಪೈಪು ತೂರಿಸುವಷ್ಟು ದಾರಿ ಬಿಡುವುದಿಲ್ಲ. ಉದ್ಘಾಟನೆಯ ಕಲ್ಲು ನೆಟ್ಟು ಹೂವಿನ ಹಾರ ಬಾಡುವುದರೊಳಗೆ ನೀರಿನ ಪೈಪಿಗೆಂದು ಅದನ್ನೇ ಅಗೆಯುತ್ತಾರೆ. ಅಗೆದವರೂ 'ಪೂರ್ಣಗೊಂಡಿದೆ' ಅಂತ ಬರೆಯುತ್ತಾರೆ, ಮುಚ್ಚಿದವರೂ ಅದನ್ನೇ ಬರೆಯುತ್ತಾರೆ. ಆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡವನು ಏನು ಬರೆಯಬೇಕು ಅಂತ ಯಾವ ಫಾರಂನಲ್ಲೂ ಇಲ್ಲ.

ಇವಳ ಪೆಟ್ಟಿಗೆಯ ಖಾಲಿ ಜಾಗಕ್ಕೆ ಇನ್ನೂ ದೊಡ್ಡ ಕಾರಣ ಇತ್ತು. ಈಗಿನ ಸೆಟ್ಟಿನ ಅಲೆ ಹಗಲು ಹೊತ್ತಿನಲ್ಲಿ ಆಕಾಶಕ್ಕೆ ಹೋಗಿ ಬಡಿದು ಅರಸೀಕೆರೆಗೆ ಇಳಿಯುತ್ತದೆ. ಕತ್ತಲಾದ ಮೇಲೆ ಅದೇ ಅಲೆ ಹತ್ತಿರಕ್ಕೆ ಇಳಿಯದೆ ತಲೆಯ ಮೇಲಿಂದ ಎಲ್ಲಿಗೋ ಹೋಗಿಬಿಡುತ್ತದೆ. ರಾತ್ರಿಗೆ ಇನ್ನೂ ಉದ್ದದ ಅಲೆಯ ಬೇರೆ ಬೋರ್ಡು ಬೇಕು. ಆ ಬೋರ್ಡಿನ ಕಾಯಿಲ್ ಅವಳು ಮೂರು ಸಲ ಸುತ್ತಿದ್ದಳು, ಮೂರು ಸಲವೂ ಸರಿ ಬಂದಿರಲಿಲ್ಲ.

ಹೋದ ವರ್ಷ ಈ ಕೆರೆಯ ತೂಬಿನ ಪಕ್ಕ ಏರಿ ಕುಸಿದದ್ದು ದೀಪ ಹಚ್ಚಿದ ಮೇಲೆ. ಕರೆಂಟು ಹೋಗಿ ಮೊಬೈಲ್ ಟವರೂ ಸತ್ತಿತ್ತು. ನೀರಗಂಟಿ ಲಕ್ಕಪ್ಪ, ತೂಬು ಎತ್ತಿ ಇಳಿಸಿ ನೀರು ಹಂಚುವವನು, ಮೊಪೆಡ್ಡಿನಲ್ಲಿ ಹಳೇಬೀಡಿಗೆ ಓಡಿ ಸುದ್ದಿ ಮುಟ್ಟಿಸುವಷ್ಟರಲ್ಲಿ ಕೆಳಗಿನ ಗದ್ದೆಯ ಜೊತೆ ಅವನ ತಮ್ಮನ ಎರಡು ಹಸು ಕೊಚ್ಚಿಹೋಗಿದ್ದವು. ತಮ್ಮನ ಹೆಂಡತಿ ಹೊಂಗೆ ಮರ ಹಿಡಿದು ಬದುಕಿಕೊಂಡಳು. ಆಮೇಲೆಯೇ ಲಕ್ಕಪ್ಪನ ಮಗಳು, ಬಿ.ಎಸ್ಸಿ. ಓದಿದ ಮೇಘಶ್ರೀ, ಯಾರಿಂದಲೋ ಕೇಳಿ ಪುಷ್ಪಲತಾಳ ಅಂಗಡಿ ಹುಡುಕಿಕೊಂಡು ಬಂದು, ಕಲಿತು, ಪರವಾನಗಿ ತೆಗೆದುಕೊಂಡದ್ದು. ಪರವಾನಗಿ ಇದ್ದವರು ಮಾತ್ರ ಈ ಸೆಟ್ಟಿನಲ್ಲಿ ಮಾತಾಡಬಹುದು.

"ಮೊದಲು ಟೆಸ್ಟ್ ಆಗಲಿ ಸಾರ್, ಸಹಿ ಆಮೇಲೆ," ಅಂದಳು ಪುಷ್ಪಲತಾ.

ಹೊಂಗೆ ಮರಗಳ ನಡುವೆ ಆಂಟೆನಾ ತಂತಿ ಕಟ್ಟಿದ್ದು ಏರಿಯ ಮೇಲೆ. ಪೆಟ್ಟಿಗೆ ಅಲ್ಲಿಗೆ ಹೋಗಬೇಕು. ಲಕ್ಕಪ್ಪ ತಲೆಗೆ ಟವೆಲ್ ಸಿಂಬಿ ಇಟ್ಟುಕೊಂಡು, "ಎತ್ತವ್ವ" ಅಂದ. ಹತ್ತು ಹೆಜ್ಜೆ ಸಲೀಸು ನಡೆದ. ಏರಿ ಹತ್ತುವಾಗ ಕುತ್ತಿಗೆಯ ನರ ಹುರಿಯ ಹಾಗೆ ಎದ್ದಿತು. ಒಂದು ಸಲ ನಿಂತ. ಇನ್ನೊಂದು ಸಲ ನಿಂತ. ಮೂರನೇ ಸಲ ಮಂಡಿ ಊರಿದ. ಮೇಘಶ್ರೀ ಓಡಿ ಹೋಗಿ ಪೆಟ್ಟಿಗೆ ಹಿಡಿದಳು.

"ಏನವ್ವ ಇದು, ಒಳಗೆ ಒರಳುಕಲ್ಲು ಇಟ್ಟೀಯಾ?" ಅಂದ ಲಕ್ಕಪ್ಪ ಏದುಸಿರಿನಲ್ಲಿ.

"ನೋಡಿದ್ರಾ?" ಅಂದರು ರಾಜಶೇಖರ್.

ಪುಷ್ಪಲತಾಳ ಮುಖ ಕೆಂಪಾಯಿತು. ಒಳಗಿದ್ದದ್ದು ಒರಳುಕಲ್ಲಲ್ಲ, ಅವಳ ಹೆಮ್ಮೆ. ಮುಂದೆ ಎಂದಾದರೂ ಜಾಸ್ತಿ ಶಕ್ತಿಯ ಸೆಟ್ ಕೂರಿಸುವಾಗ ಬೇಕಾಗುತ್ತದೆ ಅಂತ ತಾನೇ ಸುತ್ತಿದ ದೊಡ್ಡ ಟ್ರಾನ್ಸ್‌ಫಾರ್ಮರ್ ಒಂದನ್ನು ಈಗಲೇ ಬಿಗಿದಿದ್ದಳು, ಎರಡನೇ ಬ್ಯಾಟರಿಗೆ ಕಬ್ಬಿಣದ ಕಟ್ಟು ಬೇರೆ. ತಾಮ್ರ ಜಾಸ್ತಿ ಇದ್ದಷ್ಟೂ ಕೆಲಸ ಗಟ್ಟಿ ಅನ್ನುವುದು ರೀವೈಂಡಿಂಗ್ ಅಂಗಡಿಯ ನಂಬಿಕೆ. ಮೋಟಾರು ಕೂತಲ್ಲೇ ಕೂತಿರುತ್ತದೆ, ಅದನ್ನು ಯಾರೂ ತಲೆ ಮೇಲೆ ಹೊರುವುದಿಲ್ಲ. ವೈರಿನ ದಪ್ಪ ಯೋಚಿಸಿದ್ದಳು, ತೂತಿನ ಅಳತೆ ಯೋಚಿಸಿದ್ದಳು, ಹತ್ತು ವರ್ಷ ಆಚೆಗಿನದನ್ನು ಯೋಚಿಸಿದ್ದಳು. ಅರವತ್ತು ದಾಟಿದ ಒಬ್ಬನ ಕುತ್ತಿಗೆ ಅವಳ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಸಮಿತಿಯವರನ್ನು ಬೈಯಲು ತನಗೆಲ್ಲಿದೆ ಬಾಯಿ?

ಅಲ್ಲೇ ಏರಿಯ ಇಳಿಜಾರಿನಲ್ಲಿ ಕೂತು ನಟ್ಟು ಬಿಚ್ಚಿದಳು. ಟ್ರಾನ್ಸ್‌ಫಾರ್ಮರ್ ಹುಲ್ಲಿನ ಮೇಲೆ ಬಿತ್ತು. ಕಬ್ಬಿಣದ ಕಟ್ಟು ಅದರ ಪಕ್ಕ.

"ಈಗ ದಾರಿಗೆ ಬಂದ್ರಿ," ಅಂದರು ರಾಜಶೇಖರ್. "ತೂತೂ ಮುಚ್ಚಿಬಿಡಿ ಹಂಗೇ."

"ಭಾರ ತೆಗೆದೆ ಸಾರ್. ಜಾಗ ತೆಗೆಯಲ್ಲ. ಜಾಗಕ್ಕೆ ತೂಕ ಇರಲ್ಲ."

ಲಕ್ಕಪ್ಪ ಮತ್ತೆ ಹೊತ್ತ. ಈ ಸಲ ನಿಲ್ಲಲಿಲ್ಲ.

ಮೇಲೆ ತಂತಿ ಸಿಕ್ಕಿಸಿ ಮೇಘಶ್ರೀ ಮೈಕ್ ಹಿಡಿದು ಕರೆದಳು. ಗೊರಗುಟ್ಟುವ ಸದ್ದಿನೊಳಗಿಂದ, ಅರಸೀಕೆರೆಯಲ್ಲಿ ತಮ್ಮ ಸೆಟ್ಟಿನ ಮುಂದೆ ಕೂತಿದ್ದ ಇಂದುಧರ ಅವರ ದನಿ ಎದ್ದು ಬಂತು. "ಕೇಳಿಸ್ತಾ ಐತೆ ಮಗಾ, ಚೆನ್ನಾಗಿ ಕೇಳಿಸ್ತಾ ಐತೆ. ಪುಷ್ಪಾ ಎಲ್ಲಿ? ಊಟ ಮಾಡಿದ್ಲಾ, ಇಲ್ಲಾ ವೈರೇ ತಿಂದ್ಲಾ?"

ಲಕ್ಕಪ್ಪ ಬೊಚ್ಚು ಬಾಯಿ ತೆರೆದು ನಕ್ಕ. ರಾಜಶೇಖರ್ ಕೂಡ ನಕ್ಕರು. ನಗುತ್ತಲೇ ಪ್ಯಾಡು ಚಾಚಿದರು. "ಅರಸೀಕೆರೆ ತಾನೆ ಅದು? ಪರ್ಫೆಕ್ಟ್. ಹಾಕಿ ಸಹಿ. ಮಳೆ ಬರೋದ್ರೊಳಗೆ ನಾನು ಬೇಲೂರು ಸೇರ್ಕೋಬೇಕು."

"ಕತ್ತಲಾಗೋ ತನಕ ಇರಿ ಸಾರ್."

"ಯಾಕೆ?"

"ಕೇಳಿ ಹೋಗಿ."

ಅವರು ವಾಚು ನೋಡಿಕೊಂಡರು, ಜೀಪು ನೋಡಿದರು, ಕೊನೆಗೆ ಲಕ್ಕಪ್ಪನ ಮುಖ ನೋಡಿದರು. ಅವನು ತೂಬಿನ ಕಡೆ ತಿರುಗಿ ನಿಂತಿದ್ದ. ರಾಜಶೇಖರ್ ಒಂದು ಕಲ್ಲಿನ ಮೇಲೆ ಕೂತರು.

ಹದಿನೈದು ನಿಮಿಷಕ್ಕೊಂದು ಸಲ ಮೇಘಶ್ರೀ ಕರೆದಳು. ಆರು ಗಂಟೆಗೆ ಇಂದುಧರ ಅವರ ದನಿ ಗಟ್ಟಿಯಾಗಿತ್ತು. ಆರೂ ಮುಕ್ಕಾಲಿಗೆ ಅಲುಗಾಡಿತು. ದೂರದಲ್ಲಿ ಮಿಂಚು ಹೊಡೆದಾಗಲೆಲ್ಲ ಸ್ಪೀಕರ್ ಪಟಪಟ ಅಂದಿತು. ಏಳಕ್ಕೆ, "ನಿನ್ ದನಿ ಬಾವಿ ತಳದಿಂದ ಬಂದಂಗೆ..." ಅಂದದ್ದು ಅರ್ಧಕ್ಕೇ ಕರಗಿತು. ಏಳೂ ಕಾಲಿಗೆ ಯಾವುದೋ ಭಾಷೆಯ, ಯಾವುದೋ ದೇಶದ ಮಾತು ಸ್ಪಷ್ಟವಾಗಿ ನುಗ್ಗಿ ಬಂತು. ಮೂವತ್ತು ನಲವತ್ತು ಕಿಲೋಮೀಟರ್ ಆಚೆಯ ಅರಸೀಕೆರೆ ಇರಲಿಲ್ಲ.

ಏಳೂವರೆಗೆ ಮೇಘಶ್ರೀ ಮೂರು ಸಲ ಕರೆದಳು. ಅವಳ ದನಿ ತಾನಾಗಿ ಏರುತ್ತಿತ್ತು, ಜೋರಾಗಿ ಕೂಗಿದರೆ ಕೇಳಿಸೀತು ಅನ್ನುವ ಹಾಗೆ. ಸ್ಪೀಕರ್ ಗೊರಗುಟ್ಟಿತು, ಅಷ್ಟೇ. ಕತ್ತಲಲ್ಲಿ ಕೆರೆಯ ನೀರು ಕಲ್ಲಿಗೆ ತಟ್ಟುವ ಸದ್ದು ಈಗ ಕೇಳತೊಡಗಿತು.

"ಹೋದ ವರ್ಷ ಏರಿ ಕಿತ್ತಾಗ ಇದೇ ಹೊತ್ತು ಸ್ವಾಮಿ," ಅಂದ ಲಕ್ಕಪ್ಪ.

ರಾಜಶೇಖರ್ ಎದ್ದು ಪ್ಯಾಂಟು ಕೊಡವಿಕೊಂಡರು. "ಆ ಇನ್ನೊಂದು ಬೋರ್ಡು ಯಾವಾಗ ಆಗುತ್ತೆ?"

"ಗೊತ್ತಿಲ್ಲ ಸಾರ್. ಕಾಯಿಲ್ ಇನ್ನೂ ಸರಿ ಬಂದಿಲ್ಲ. ಬಂದ ದಿನ ತಂದು ಆ ಜಾಗಕ್ಕೆ ಒತ್ತಿದ್ರೆ ಆಯ್ತು. ನೀವು ಸೀಲ್ ಹಾಕಿದ್ರೆ ಒತ್ತೋದು ಎಲ್ಲಿಗೆ?" ಪುಷ್ಪಲತಾ ಟಾರ್ಚ್ ಹಿಡಿದು ಫಾರಂ ತೆಗೆದುಕೊಂಡಳು. 'ಪೂರ್ಣಗೊಂಡಿದ್ದು' ಅನ್ನುವುದಕ್ಕೂ ಅದರ ಮುಂದಿನದಕ್ಕೂ ಅಡ್ಡ ಗೀಟು ಎಳೆದು, ಮೇಲೆ ಬರೆದಳು: 'ಹಗಲು ಕೆಲಸ ಮಾಡುತ್ತದೆ. ಸಂಜೆ ಏಳರ ನಂತರ ಅರಸೀಕೆರೆಗೆ ಕೇಳಿಸುವುದಿಲ್ಲ. ರಾತ್ರಿಯ ಬೋರ್ಡು ಸೇರಿಸುವುದು ಬಾಕಿ ಇದೆ.' "ಇದಕ್ಕಾದ್ರೆ ಸಹಿ ಹಾಕ್ತೀನಿ."

"ಹೊಡೆದು ಹಾಕಿದ ಫಾರಂ ನಡೆಯಲ್ಲಮ್ಮ." ಮೇಡಂ ಹೋಗಿ ಅಮ್ಮ ಬಂದಿತ್ತು. ಸಿಟ್ಟಿರಲಿಲ್ಲ ಅದರಲ್ಲಿ. "ಬಾಕಿ ಅಂತ ಬರೆಯೋಕೆ ಇದರಲ್ಲಿ ಕಾಲಂ ಇಲ್ಲ. ಮೇಲಿನೋರು ಕೇಳೋದು ಎರಡೇ. ಆಗಿದೆಯಾ, ಇಲ್ವಾ?"

"ಆಗಿದೆ ಅಂತ ನಾನು ಬರೆದು, ರಾತ್ರಿ ಈ ಹುಡುಗಿ ಇದರ ಮುಂದೆ ಕೂತು ಕೂಗ್ತಾ ಇದ್ರೆ, ನೀರು ಬಂದು..."

"ಗೊತ್ತಾಗುತ್ತಮ್ಮ ನನಗೂ."

ಗೊತ್ತಾಗುತ್ತದೆ. ಇದೇ ಸಂಕಟ. ಇವರಿಗೆಲ್ಲ ಗೊತ್ತಾಗುತ್ತದೆ, ಗೊತ್ತಾದದ್ದನ್ನು ಬರೆಯಲು ಜಾಗ ಇರುವುದಿಲ್ಲ, ಜಾಗ ಮಾಡಿ ಅಂತ ಕೇಳುವ ಧೈರ್ಯ ಪೆನ್ಷನ್ನಿನ ಹತ್ತಿರ ಬಂದವರಿಗೆ ಹುಟ್ಟುವುದಿಲ್ಲ. ರಾಜಶೇಖರ್ ಗೀಟು ಬಿದ್ದ ಫಾರಂ ಮಡಚಿ ಜೇಬಿಗಿಟ್ಟುಕೊಂಡು ಇಳಿದು ಹೋದರು. ಹರಿದು ಹಾಕಲಿಲ್ಲ ಅನ್ನುವುದಷ್ಟೇ ಅವರ ಪರವಾಗಿ ಹೇಳಬಹುದಾದ ಮಾತು.

ಅಲ್ಲಿಗೆ ಪೆಟ್ಟಿಗೆ ಪಟ್ಟಿಗೆ ಸೇರಲಿಲ್ಲ. ಇಲ್ಲಿಂದ ಕೂಗಿದರೆ ಇಂದುಧರ ಕೇಳಿಸಿಕೊಂಡು ಉಳಿದ ಊರವರ ಹಾಗೆ ಸಮಿತಿಯವರಿಗೆ ಫೋನು ಹಚ್ಚಿ, ಎತ್ತಿ ಎತ್ತಿ ಅಂತ ಗೋಗರೆಯಬೇಕು. ಮೇಘಶ್ರೀಗೆ ಅಳು ಬಂದಂತಿತ್ತು. "ಅಕ್ಕ, ಸಹಿ ಹಾಕಿಬಿಡಬಹುದಿತ್ತು. ಹಗಲಿಗಾದ್ರೂ ಬರ್ತಿದ್ರು."

ಆ ಮಾತು ಪೂರ್ತಿ ತಪ್ಪು ಅಂತ ಪುಷ್ಪಲತಾಳಿಗೂ ಅನಿಸಲಿಲ್ಲ. ಅದೇ ಎದೆಯಲ್ಲಿ ಕೊರೆಯುತ್ತಿತ್ತು.

ಉತ್ತರ ಕೊಟ್ಟವನು ಲಕ್ಕಪ್ಪ. "ಸುಮ್ಕಿರು ಕಣೇ. ಅವ್ರು ಸೀಲ್ ಹಾಕಿ ಹೋಗಿದ್ರೆ ನಾನು ಗೌರ್ಮೆಂಟ್ ಪೆಟ್ಟಿಗೆ ಐತೆ ಅಂತ ನಂಬ್ಕಂಡು ಕಂಬ್ಳಿ ಹೊದ್ಕಂಡು ಬಿದ್ಕಂಬುಡ್ತಿದ್ದೆ." ಆಮೇಲೆ ಪುಷ್ಪಲತಾ ಕಡೆ ತಿರುಗಿದ. "ಅವ್ವಾ, ಈಗ ಹೇಳಿದ್ದು ಈಗ ನೆಪ್ಪಿರ್ತದೆ. ನೀರು ಬಂದಾಗ ಕೈಕಾಲೇ ಆಡಲ್ಲ, ಇನ್ನು ನೆಪ್ಪು ಎಲ್ಲಿ? ಇದ್ರ ಮ್ಯಾಲೇ ಬರ್ದುಬುಡು."

ತೂಬಿನ ಕಲ್ಲಿಗೆ ನೀರಿನ ಮಟ್ಟದ ಗುರುತು ಹಾಕಿ ಉಳಿದಿದ್ದ ಬಿಳಿ ಬಣ್ಣ ಮನೆಯಲ್ಲಿತ್ತು. ಮೇಘಶ್ರೀ ತಂದಳು. ಮೊದಲ ಹನಿಗಳು ಬೀಳುವಷ್ಟರಲ್ಲಿ ಪೆಟ್ಟಿಗೆಯನ್ನು ಜಗಲಿಗೆ ತಂದು, ಟಾರ್ಚ್ ಬೆಳಕಿನಲ್ಲಿ, ಪುಷ್ಪಲತಾ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಕತ್ತಲಾದ ಮೇಲೆ ಇದಕ್ಕೆ ಕಿವಿ ಇಲ್ಲ. ಕೂಗಬೇಡಿ, ಓಡಿ.

ಲಕ್ಕಪ್ಪ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ತಲೆಯಾಡಿಸಿದ.

"ಸರಿ. ಗಾಡೀಗೆ ಪೆಟ್ರೋಲ್ ತುಂಬ್ಸಿಡ್ತೀನಿ," ಅಂದ.